ಅಜ್ಜಿ ಮನೆಯ ಮರದ ಪೆಟ್ಟಿಗೆ: ಪಾಲಿಶ್‌ಗೆ ಮುಂಚೆ ದೋಷ ಪತ್ತೆ

ಹಳೇ ಮನೆ ಪಾಲಾಗುವಾಗ ಪಾತ್ರೆ, ಒಡವೆಗೆಲ್ಲ ಕೇಳುವವರು ಇರುತ್ತಾರೆ. ಯಾರಿಗೂ ಬೇಡವಾಗಿ ಉಳಿಯುವುದು ಆ ದೊಡ್ಡ ಮರದ ಪೆಟ್ಟಿಗೆ. ಮಲೆನಾಡು, ಕರಾವಳಿ ಕಡೆಯದಾದರೆ ಸಾಮಾನ್ಯವಾಗಿ ಹಲಸಿನದ್ದು. ಸ್ವಲ್ಪ ಅನುಕೂಲಸ್ಥರ ಮನೆಯದಾದರೆ ಸಾಗುವಾನಿ, ಇಲ್ಲವೇ ಬೀಟೆ. ಕೊನೆಗೆ ಮೊಮ್ಮಕ್ಕಳಲ್ಲಿ ಯಾರೋ ಒಬ್ಬರು ಮನಸ್ಸು ಮಾಡಿ ಅದನ್ನು ಬೆಂಗಳೂರಿನ ಫ್ಲಾಟಿಗೆ ತರುತ್ತಾರೆ. ಹಾಲ್‌ನಲ್ಲಿ ಟೀಪಾಯಿ ಮಾಡೋಣ, ಕಿಟಕಿ ಕೆಳಗೆ ಕೂರುವ ಬೆಂಚು ಮಾಡೋಣ ಅಂತ ಆಸೆ. ಬಂದ ವಾರದಲ್ಲೇ ಪಾಲಿಶ್‌ನವರಿಗೆ ಫೋನ್ ಹೋಗುತ್ತದೆ. ಎಡವಟ್ಟು ಶುರುವಾಗುವುದು ಇಲ್ಲೇ.

ಪಾಲಿಶ್ ದೋಷವನ್ನು ಮುಚ್ಚುತ್ತದೆ, ನಿಲ್ಲಿಸುವುದಿಲ್ಲ. ಒಳಗೆ ಹುಳ ಇದ್ದರೆ ಅದರ ಪಾಡಿಗೆ ಅದು ತಿನ್ನುತ್ತಲೇ ಇರುತ್ತದೆ. ಬಿರುಕು ಇನ್ನೂ ಬೆಳೆಯುತ್ತಿದ್ದರೆ ತುಂಬಿಸಿದ ಪುಟ್ಟಿಯನ್ನು ಹೊರಗೆ ತಳ್ಳಿ ಪಕ್ಕದಲ್ಲಿ ಇನ್ನೊಂದು ಬಿರುಕು ಬಿಡುತ್ತದೆ. ಹಾಗಾಗಿ ಹಳೇ ಮರದಲ್ಲಿ ಏನೇ ತೊಂದರೆ ಕಂಡರೂ ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ: ಇದು ಈಗಲೂ ನಡೆಯುತ್ತಿದೆಯಾ, ಇಲ್ಲಾ ಎಂದೋ ಆಗಿ ಮುಗಿದದ್ದಾ? ಮುಗಿದದ್ದಾದರೆ ಬಹಳಷ್ಟು ಸಲ ಏನೂ ಮಾಡಬೇಕಾಗಿಲ್ಲ. ನಡೆಯುತ್ತಿದ್ದರೆ ಚಂದ ಮಾಡುವ ಮಾತು ಆಮೇಲೆ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಟಾರ್ಚು, ಕಪ್ಪು ಕಾಗದ, ದಪ್ಪ ಸೂಜಿ ಅಥವಾ ದಬ್ಬಳ, ಸೀಸದಕಡ್ಡಿ, ಹತ್ತಿ, ಪಾಲಿಶ್ ಅಂಗಡಿಯಲ್ಲಿ ಸಿಗುವ ಸ್ಪಿರಿಟ್. ಪೆಟ್ಟಿಗೆಯನ್ನು ಒಮ್ಮೆ ಪೂರ್ತಿ ಬೋರಲು ಹಾಕಿ ತಳ ನೋಡಿ. ಮರದ ನಿಜವಾದ ಬಣ್ಣ, ಬಡಗಿಯ ಉಳಿ ಗುರುತು, ಹಳೇ ರಿಪೇರಿ, ಹುಳದ ತೂತು ಎಲ್ಲ ಕಾಣುವುದು ಅಲ್ಲಿ. ಮೇಲ್ಭಾಗ ಎಷ್ಟೋ ಕೈ ಉಜ್ಜಿಸಿಕೊಂಡಿರುತ್ತದೆ, ಅದನ್ನು ನಂಬಬೇಡಿ.

ಪೆಟ್ಟಿಗೆ ಕೆಳಗೆ ಪುಡಿ ಬೀಳುತ್ತಿದೆ

ಜನ ಅತಿ ಹೆಚ್ಚು ಹೆದರುವುದು ಇದಕ್ಕೆ. ಹೆದರಬೇಕಾದದ್ದೂ ಹೌದು. ಆದರೆ ಪುಡಿಯಲ್ಲೂ ಬೇರೆ ಬೇರೆ ಥರ ಇದೆ.

ಸ್ವಲ್ಪ ಪುಡಿಯನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ. ಮೈದಾ ಹಿಟ್ಟಿನಷ್ಟು ನುಣುಪಾಗಿದ್ದು, ಮರದಲ್ಲಿ 1ರಿಂದ 3 ಮಿಲಿಮೀಟರ್‌ನ ದುಂಡು ತೂತುಗಳಿದ್ದರೆ ಅದು ಕುಟ್ಟೆ ಹುಳ. ಬೆರಳಿಗೆ ಸಣ್ಣ ಹರಳು ಹರಳಾಗಿ ಸಿಕ್ಕಿ, ಭೂತಗನ್ನಡಿಯಲ್ಲಿ ನೋಡಿದಾಗ ಆರು ಮೂಲೆಯ ಕಾಳಿನಂತೆ ಕಂಡರೆ ಅದು ಒಣ ಮರದಲ್ಲೇ ಗೂಡು ಮಾಡುವ ಗೆದ್ದಲು. ಪುಡಿ ಇಲ್ಲದೆ ಮಣ್ಣಿನ ಗೆರೆ, ಮಣ್ಣಿನ ಕೊಳವೆ ಇದ್ದರೆ ನೆಲದಿಂದ ಬರುವ ಮಾಮೂಲಿ ಗೆದ್ದಲು, ಕರಾವಳಿಯವರು ಹೇಳುವ ಒರಲೆ. ಇದಕ್ಕೆ ಮಣ್ಣಿನ ಸಂಪರ್ಕ, ತೇವ ಎರಡೂ ಬೇಕು. ಊರಿನಿಂದ ಬಂದ ಪೆಟ್ಟಿಗೆಯಲ್ಲಿ ಒಣಗಿದ ಮಣ್ಣಿನ ಗೆರೆ ಇದೆ, ಕೆರೆದರೆ ಒಳಗೆ ಹುಳ ಇಲ್ಲ ಅಂದರೆ ಅದು ಹಳೇ ಕಥೆ. ಬ್ರಷ್‌ನಿಂದ ಗುಡಿಸಿ, ಮರ ಎಷ್ಟು ಟೊಳ್ಳಾಗಿದೆ ಅಂತ ದಬ್ಬಳದಿಂದ ಚುಚ್ಚಿ ನೋಡಿ, ಸಾಕು.

ಕುಟ್ಟೆಯದು ಅಷ್ಟು ಸುಲಭ ಅಲ್ಲ. ನಾವು ನೋಡುವ ತೂತು ಹುಳ ಒಳಗೆ ಹೋದ ದಾರಿ ಅಲ್ಲ, ಹೊರಗೆ ಬಂದ ದಾರಿ. ಅಂದರೆ ತೂತು ಕಂಡಾಗ ಆ ಹುಳ ಆಗಲೇ ಹೋಗಿರುತ್ತದೆ. ಅದರ ಮರಿಗಳು ಒಳಗೆ ಇವೆಯೋ ಇಲ್ಲವೋ ಅನ್ನುವುದೇ ಪ್ರಶ್ನೆ. ಮರಿ ಹುಳ ತಿಂಗಳುಗಟ್ಟಲೆ, ಕೆಲವು ಸಲ ವರ್ಷಕ್ಕೂ ಮೇಲೆ ಮರದೊಳಗೇ ಇರುತ್ತದೆ. ಸದ್ದಿಲ್ಲ, ಸುದ್ದಿಯಿಲ್ಲ.

ಪತ್ತೆ ಹಚ್ಚುವ ಬಗೆ ಹೀಗೆ. ಪೆಟ್ಟಿಗೆಯ ಒಳಗೆ, ತಳದಲ್ಲಿ, ಸಂದಿಗಳಲ್ಲಿ ಇರುವ ಹಳೇ ಪುಡಿಯನ್ನೆಲ್ಲ ವ್ಯಾಕ್ಯೂಮ್ ಹಾಕಿ ತೆಗೆಯಿರಿ. ಕಾಣುವ ಪ್ರತಿ ತೂತಿನ ಸುತ್ತ ಸೀಸದಕಡ್ಡಿಯಲ್ಲಿ ಸಣ್ಣ ಸುತ್ತು ಹಾಕಿ. ಪೆಟ್ಟಿಗೆಯನ್ನು ನಾಲ್ಕು ಇಟ್ಟಿಗೆ ಮೇಲೆ ಎತ್ತಿಟ್ಟು ಕೆಳಗೆ ಕಪ್ಪು ಕಾಗದ ಹಾಸಿ. ಒಂದಷ್ಟು ವಾರ ಅಲುಗಾಡಿಸಬೇಡಿ. ಅಲುಗಾಡಿಸಿದರೆ ಹಳೇ ಬಿಲದ ಪುಡಿಯೇ ಉದುರಿ ಸುಮ್ನೆ ಗಾಬರಿ ಹುಟ್ಟಿಸುತ್ತದೆ. ಆಮೇಲೆ ಟಾರ್ಚನ್ನು ಅಡ್ಡಲಾಗಿ ಹಿಡಿದು ನೋಡಿ. ಕಪ್ಪು ಕಾಗದದ ಮೇಲೆ ಬೆಳ್ಳಗಿನ ಪುಡಿಯ ಸಣ್ಣ ಗುಪ್ಪೆ ಎದ್ದಿದೆಯಾ? ಸುತ್ತು ಹಾಕದ ಹೊಸ ತೂತು ಇದೆಯಾ? ಹೊಸ ತೂತಿನ ಒಳಗೋಡೆ ತಿಳಿ ಬಣ್ಣ ಇರುತ್ತದೆ, ಅಂಚು ಚೂಪಾಗಿರುತ್ತದೆ. ಹಳೇ ತೂತಿನಲ್ಲಿ ಧೂಳು, ಹಳೇ ಪಾಲಿಶ್, ಕೆಲವು ಸಲ ಜೇಡರ ಬಲೆ ಕೂಡ ಕೂತಿರುತ್ತದೆ. ಎರಡರಲ್ಲಿ ಒಂದಾದರೂ ಹೊಸತು ಕಂಡರೆ ಹುಳ ಜೀವಂತ ಇದೆ.

ಇನ್ನೊಂದು ಸುಳಿವು: ತೂತು ಎಲ್ಲಿದೆ? ಕುಟ್ಟೆ ಹುಳಕ್ಕೆ ಬೇಕಾದ್ದು ಮರದ ಹಿಟ್ಟಿನಂಶ. ಅದು ಇರುವುದು ತೊಗಟೆ ಕಡೆಯ ಬಿಳಿ ಭಾಗದಲ್ಲಿ. ನಡುವಿನ ಗಟ್ಟಿ ಚೇಗನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹಲಸಿನ ಪೆಟ್ಟಿಗೆಗಳಲ್ಲಿ ಹಲಗೆಯ ಒಂದೇ ಅಂಚು ಜರಡಿಯಾಗಿ, ಪಕ್ಕದ ಕಂದು ಭಾಗ ಗಟ್ಟಿಮುಟ್ಟಾಗಿ ಇರುವುದು ಇದಕ್ಕೇ. ಅಂಥ ಕಡೆ ಪೂರ್ತಿ ಹಲಗೆ ಬದಲಾಯಿಸಬೇಕು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಹುಳ ಇದೆ ಅಂತಾದರೆ ಮದ್ದು ಬೋರಾನ್. ಒಂದು ಲೀಟರ್ ಬಿಸಿ ನೀರಿಗೆ 60 ಗ್ರಾಂ ಬಿಳಿಗಾರ, 40 ಗ್ರಾಂ ಬೋರಿಕ್ ಪೌಡರ್ ಕರಗಿಸಿ, ಬ್ರಷ್‌ನಲ್ಲಿ ಎರಡು ಮೂರು ಸಲ, ಪ್ರತಿ ಸಲ ಒಣಗಲು ಬಿಟ್ಟು ಹಚ್ಚಿ. ಇದು ಬರಿ ಮರಕ್ಕೆ ಮಾತ್ರ ಇಳಿಯುತ್ತದೆ, ಪಾಲಿಶ್ ಇದ್ದ ಕಡೆ ಮೇಲೇ ನಿಲ್ಲುತ್ತದೆ. ಪುಣ್ಯಕ್ಕೆ ಹಳೇ ಪೆಟ್ಟಿಗೆಗಳ ಒಳಗೆ ಮತ್ತು ತಳಕ್ಕೆ ಪಾಲಿಶ್ ಹಚ್ಚಿರುವುದು ಅಪರೂಪ. ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ, ಆಮೇಲೆ ಆ ಪೆಟ್ಟಿಗೆಯಲ್ಲಿ ಅಕ್ಕಿ, ಬೇಳೆ ತುಂಬಬೇಡಿ. ಹಚ್ಚಿದ ಮಾರನೇ ದಿನವೇ ಪುಡಿ ನಿಲ್ಲುವುದಿಲ್ಲ. ಆಳದಲ್ಲಿರುವ ಮರಿ ಹೊರಗೆ ಬರುವಾಗ ಮದ್ದು ಹಿಡಿದ ಪದರವನ್ನು ಕಡಿದು ಸಾಯಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ಒಣ ಮರದ ಗೆದ್ದಲು ತುಂಬ ಹರಡಿದ್ದರೆ ಮಾತ್ರ ಇದು ಮನೆಮದ್ದಿಗೆ ಬಗ್ಗುವುದಿಲ್ಲ, ಹೊಗೆ ಹಾಯಿಸುವವರನ್ನೇ ಕರೆಸಬೇಕು.

ಸೀಮೆಎಣ್ಣೆ, ಡೀಸೆಲ್ ಸುರಿಯುವ ಸಲಹೆ ಪ್ರತಿ ಮನೆಯಲ್ಲೂ ಒಬ್ಬ ಮಾವನಾದರೂ ಕೊಡುತ್ತಾರೆ. ಮೇಲಿದ್ದ ಹುಳ ಸಾಯಬಹುದು. ವಾಸನೆ ಮಾತ್ರ ವರ್ಷಗಟ್ಟಲೆ ಹೋಗುವುದಿಲ್ಲ, ಮುಂದೆ ಯಾವ ಪಾಲಿಶೂ ಸರಿಯಾಗಿ ಕೂರುವುದಿಲ್ಲ. ಗೇರೆಣ್ಣೆ ಕರಾವಳಿಯಲ್ಲಿ ದೋಣಿಗೆ, ಮರಮುಟ್ಟಿಗೆ ಹಚ್ಚುವ ಹಳೇ ಪದ್ಧತಿ, ಕೆಲಸವೂ ಮಾಡುತ್ತದೆ. ಆದರೆ ಚರ್ಮ ಸುಡುತ್ತದೆ, ಮರ ಕಪ್ಪಾಗುತ್ತದೆ. ಹಟ್ಟಿಯ ಕಂಬಕ್ಕೆ ಸರಿ, ಹಾಲ್‌ನ ಪೆಟ್ಟಿಗೆಗೆ ಬೇಡ.

ಮಳೆಗಾಲದಲ್ಲಿ ಮುಚ್ಚಳ ಬಿಗಿ, ಬೇಸಿಗೆಯಲ್ಲಿ ಬಿರುಕು

ಇವೆರಡೂ ಒಂದೇ ಕಾಯಿಲೆಯ ಎರಡು ಮುಖ. ಮರ ಗಾಳಿಯ ತೇವ ಕುಡಿದು ಉಬ್ಬುತ್ತದೆ, ಬಿಟ್ಟು ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚು ಕಡಿಮೆ ಏನೂ ಆಗುವುದಿಲ್ಲ, ಆಗುವುದೆಲ್ಲ ಅಗಲಕ್ಕೆ. ಮಂಗಳೂರಿನ ಮಳೆಗಾಲದ ಗಾಳಿಯಲ್ಲಿ ಮರದೊಳಗಿನ ತೇವ ಶೇಕಡ 16ರ ಮೇಲೆ ಹೋಗುತ್ತದೆ. ಅದೇ ಪೆಟ್ಟಿಗೆ ಬೆಂಗಳೂರಿನ ಮಾರ್ಚ್ ತಿಂಗಳ ಒಣ ಹವೆಗೆ ಬಂದರೆ ಶೇಕಡ 8–9ಕ್ಕೆ ಇಳಿಯುತ್ತದೆ. ಒಂದೂವರೆ ಅಡಿ ಅಗಲದ ಒಂಟಿ ಹಲಗೆ ಇಷ್ಟರಲ್ಲೇ 3ರಿಂದ 6 ಮಿಲಿಮೀಟರ್ ಕುಗ್ಗಬಹುದು. ಹಳೇ ಪೆಟ್ಟಿಗೆಗಳ ಮುಚ್ಚಳ ಒಂದೇ ಅಗಲ ಹಲಗೆಯದು. ಆಗೆಲ್ಲ ಅಂಥ ಮರ ಸಿಗುತ್ತಿತ್ತು.

ಮುಚ್ಚಳ ಬಿಗಿಯಾದರೆ ಮೊದಲು ಯಾಕೆ ಅಂತ ನೋಡಿ. ಅಂಚಿಗೆ ಸೀಮೆಸುಣ್ಣ ಉಜ್ಜಿ, ಒಮ್ಮೆ ಮುಚ್ಚಿ ತೆಗೆದರೆ ಎಲ್ಲಿ ಉಜ್ಜುತ್ತಿದೆ ಅಂತ ಗುರುತು ಬೀಳುತ್ತದೆ. ಗುರುತು ಒಂದೇ ಮೂಲೆಯಲ್ಲಿದ್ದರೆ ಮರದ ತಪ್ಪಲ್ಲ, ಕೀಲು ಸಡಿಲವಾಗಿ ಮುಚ್ಚಳ ಜಗ್ಗಿದೆ. ಮೊಳೆ ಬಿಗಿ ಮಾಡಿ, ತೂತು ದೊಡ್ಡದಾಗಿದ್ದರೆ ಮರದ ಕಡ್ಡಿ ತುಂಬಿಸಿ ಮತ್ತೆ ಹೊಡೆಯಿರಿ. ಗುರುತು ಇಡೀ ಅಂಚಿಗೆ ಬಿದ್ದಿದ್ದರೆ ಉಬ್ಬಿದೆ ಅಂತ ಅರ್ಥ. ಆಗ ಮೇಣದ ಬತ್ತಿ ತಿಕ್ಕಿ ಮಳೆಗಾಲ ಕಳೆಯಿರಿ. ಸೋಪು ತಿಕ್ಕಬೇಡಿ, ಅದು ತೇವ ಎಳೆಯುತ್ತದೆ. ಜುಲೈನಲ್ಲಿ ಅಂಚಿಗೆ ಕೀಸುಳಿ ಹಾಕಿಸಿದವರ ಮುಚ್ಚಳ ಫೆಬ್ರವರಿಯಲ್ಲಿ ಬೆರಳು ತೂರುವಷ್ಟು ಸಂದು ಬಿಟ್ಟಿರುತ್ತದೆ. ಕೀಸಲೇಬೇಕು ಅಂದರೂ ಅದು ಬೇಸಿಗೆಯಲ್ಲಿ, ಮರ ಒಣಗಿದಾಗ ಅಳೆದು ಮಾಡುವ ಕೆಲಸ.

ಇನ್ನು ಬಿರುಕು. ಮುಚ್ಚಳ ತೆಗೆದು ಒಳಬದಿ ನೋಡಿ. ಅಲ್ಲಿ ಅಡ್ಡಪಟ್ಟಿಗಳು ಇರುತ್ತವೆ, ಹಲಗೆ ಸೊಟ್ಟಗಾಗದಿರಲಿ ಅಂತ ಹಾಕಿದ್ದು. ಹಳಬರು ಕೆಲವರು ಅದನ್ನು ಹಲಗೆಯಲ್ಲಿ ಗಾಡಿ, ಅಂದರೆ ಉದ್ದನೆಯ ಕಾಲುವೆ, ತೋಡಿ ತೂರಿಸಿರುತ್ತಾರೆ, ಹಲಗೆ ಅದರಲ್ಲಿ ಆಚೀಚೆ ಜಾರಲು ಜಾಗ ಇರುತ್ತದೆ. ನಡುವೆ ಎಂದೋ ರಿಪೇರಿಗೆ ಬಂದವರು ಆ ಪಟ್ಟಿಗೆ ನಾಲ್ಕು ಸ್ಕ್ರೂ ಜಡಿದಿರುತ್ತಾರೆ. ಹಲಗೆ ಕುಗ್ಗಬೇಕು, ಸ್ಕ್ರೂ ಬಿಡುವುದಿಲ್ಲ, ಎರಡರ ಜಗ್ಗಾಟದಲ್ಲಿ ಮರ ಸೀಳುತ್ತದೆ. ಬಿರುಕು ನೇರವಾಗಿ ಎಳೆಯ ಗುಂಟ ಹೋಗಿ ಸ್ಕ್ರೂ ಹತ್ತಿರ ಕೊನೆಯಾಗಿದ್ದರೆ ಇದೇ ಕಾರಣ. ಪರಿಹಾರ ಅಂಟಲ್ಲ. ಸ್ಕ್ರೂ ಬಿಚ್ಚಿ, ಅಡ್ಡಪಟ್ಟಿಯ ತೂತನ್ನು ಮುಚ್ಚಳದ ಅಗಲದ ದಿಕ್ಕಿಗೆ ಉದ್ದ ಮಾಡಿ, ವಾಶರ್ ಹಾಕಿ, ಹದವಾಗಿ ಬಿಗಿಯಿರಿ. ನಡುವಿನ ಒಂದು ಸ್ಕ್ರೂ ಗಟ್ಟಿಯಾಗಿರಲಿ, ಬದಿಯವು ಜಾರಲಿ. ಎಷ್ಟೋ ಮುಚ್ಚಳಗಳ ಬಿರುಕು ಮುಂದಿನ ಮಳೆಗಾಲಕ್ಕೆ ತಾನೇ ಅರ್ಧ ಕೂಡಿಕೊಳ್ಳುತ್ತದೆ.

ಬಿರುಕು ಜೀವಂತವಾ ಅಂತ ತಿಳಿಯಲು ಅದರ ಎರಡೂ ತುದಿಗೆ ಸೀಸದಕಡ್ಡಿ ಗೆರೆ ಎಳೆದು ತಾರೀಕು ಬರೆಯಿರಿ. ಒಳಬದಿಯಲ್ಲಿ ಬಿರುಕಿಗೆ ಅಡ್ಡಲಾಗಿ ತೆಳು ಕಾಗದದ ಪಟ್ಟಿ ಅಂಟಿಸಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಕಾಗದ ಹರಿದಿದ್ದರೆ, ಗೆರೆ ದಾಟಿ ಮುಂದೆ ಹೋಗಿದ್ದರೆ ಮರ ಇನ್ನೂ ಹೊಸ ಜಾಗಕ್ಕೆ ಒಗ್ಗಿಲ್ಲ. ಹಾಗಿದ್ದಾಗ ಎಂ-ಸೀಲ್, ಪುಟ್ಟಿ, ಮರದ ಪುಡಿ ಕಲೆಸಿದ ಅಂಟು ಯಾವುದನ್ನೂ ತುಂಬಬೇಡಿ. ನಿಂತಿದ್ದರೆ ಅದೇ ಮರದ ತೆಳು ಸೀಳು ಕೂರಿಸಬಹುದು, ಅದನ್ನೂ ಒಂದೇ ಬದಿಗೆ ಅಂಟಿಸಿ. ನನ್ನ ಮಟ್ಟಿಗೆ, ಹಳೇ ಪೆಟ್ಟಿಗೆಯಲ್ಲಿ ಒಂದು ಬಿರುಕು ಇದ್ದರೆ ಅಂಥ ಅಸಹ್ಯವೇನಲ್ಲ.

ಬಿಸಿಲಿಗೆ ಇಟ್ಟು ಒಣಗಿಸುವುದು ಬೇಡ. ಒಂದು ಬದಿ ಬೇಗ ಒಣಗಿ ಹಲಗೆ ದೋಣಿಯಂತೆ ಬಾಗುತ್ತದೆ. ಫ್ಲಾಟಿಗೆ ತಂದ ಹೊಸತರಲ್ಲಿ ಎಸಿ ಗಾಳಿ, ಫ್ಯಾನಿನ ನೇರ ಗಾಳಿ ತಾಗದ ಮೂಲೆಯಲ್ಲಿಡಿ.

ಮುಟ್ಟಿದರೆ ಅಂಟುತ್ತದೆ

ಮಲೆನಾಡಿನ ಪೆಟ್ಟಿಗೆಗಳಲ್ಲಿ ಇದು ಬಹಳ. ಹೊಳಪಿಗೆ ಅಂತ ಪ್ರತಿ ಹಬ್ಬಕ್ಕೂ ಕೊಬ್ಬರಿ ಎಣ್ಣೆ ಒರೆಸಿರುತ್ತಾರೆ. ಕೊಬ್ಬರಿ ಎಣ್ಣೆ ಒಣಗುವ ಎಣ್ಣೆ ಅಲ್ಲ. ಮರದ ಮೇಲೆ ಹಾಗೇ ಕೂತು ಧೂಳು, ಹೊಗೆ ಹಿಡಿದು ಕಪ್ಪು ಜಿಡ್ಡಾಗುತ್ತದೆ. ಅಗಸೆ ಎಣ್ಣೆ ಒಣಗಿ ಪದರ ಕಟ್ಟುತ್ತದೆ, ಅದಕ್ಕೇ ಪಾಲಿಶ್‌ನವರು ಅದನ್ನು ಬಳಸುವುದು. ಹರಳೆಣ್ಣೆಯೂ ಕೊಬ್ಬರಿ ಎಣ್ಣೆಯ ಥರವೇ, ಒಣಗುವುದಿಲ್ಲ.

ಆದರೆ ಅಂಟಿಗೆ ಎಣ್ಣೆಯೊಂದೇ ಕಾರಣ ಅಲ್ಲ, ಹಳೇ ಪಾಲಿಶೇ ಮೆತ್ತಗಾಗಿರಬಹುದು. ಯಾವ ಪಾಲಿಶ್ ಅಂತ ತಿಳಿಯದೆ ಕೈ ಹಾಕಬಾರದು. ಹಿಂಬದಿ, ಕಣ್ಣಿಗೆ ಬೀಳದ ಒಂದು ರೂಪಾಯಿ ನಾಣ್ಯದಷ್ಟು ಜಾಗ ಆರಿಸಿ. ಮೊದಲು ಟರ್ಪೆಂಟೈನ್ ಅದ್ದಿದ ಹತ್ತಿಯಿಂದ ಒರೆಸಿ. ಕಪ್ಪು ಜಿಡ್ಡು ಹತ್ತಿಗೆ ಬಂದು ಕೆಳಗೆ ಗಟ್ಟಿ ಹೊಳಪು ಕಂಡರೆ ಎಣ್ಣೆ ಜಿಡ್ಡು ಅಷ್ಟೇ, ಇಡೀ ಪೆಟ್ಟಿಗೆಯನ್ನು ಇದರಲ್ಲೇ ಒರೆಸಿದರೆ ಕೆಲಸ ಮುಗಿಯಿತು. ಇಲ್ಲವಾದರೆ ಸ್ಪಿರಿಟ್ ಅದ್ದಿದ ಹತ್ತಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮೇಲ್ಮೈ ಕರಗಿ ಹತ್ತಿಗೆ ಕಂದು ಬಣ್ಣ ಹತ್ತಿದರೆ ಅದು ಅರಗಿನ ಪಾಲಿಶ್, ಅಂದರೆ ಫ್ರೆಂಚ್ ಪಾಲಿಶ್. ಇದು ಒಳ್ಳೇ ಸುದ್ದಿ. ಅರಗು ಎಷ್ಟು ವರ್ಷವಾದರೂ ಸ್ಪಿರಿಟ್‌ನಲ್ಲಿ ಕರಗುವುದರಿಂದ ಹಳೆಯದನ್ನು ಕೆರೆಯದೆ ಅದರ ಮೇಲೇ ಹೊಸದನ್ನು ಸೇರಿಸಬಹುದು. ಬಿಸಿ ಲೋಟ ಇಟ್ಟು ಬಂದ ಬಿಳಿ ಉಂಗುರ ಕೂಡ ಸ್ಪಿರಿಟ್ ಸ್ವಲ್ಪವೇ ತಾಗಿಸಿದ ಬಟ್ಟೆಯಿಂದ ಹಗುರವಾಗಿ ಸವರಿದರೆ ಎಷ್ಟೋ ಸಲ ಹೋಗುತ್ತದೆ. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಯಾವುದಕ್ಕೂ ಜಗ್ಗದಿದ್ದರೆ ಈಚಿನ ಪಿಯು (ಪ್ಲಾಸ್ಟಿಕ್ ಥರ ಪದರ ಕಟ್ಟುವ ಪಾಲಿಯುರಿಥೇನ್) ಅಥವಾ ವಾರ್ನಿಶ್.

ಬಣ್ಣ ಬಳಿದ ಪೆಟ್ಟಿಗೆಯಾದರೆ ಇನ್ನೊಂದು ಎಚ್ಚರಿಕೆ. ಮನೆ ಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮಿತಿ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೇ ಬಣ್ಣದಲ್ಲಿ ಸೀಸ ಇರಬಹುದು ಅಂತಲೇ ಲೆಕ್ಕ ಹಾಕಿ. ಒಣ ಉಪ್ಪು ಕಾಗದ ತಿಕ್ಕಿ ಧೂಳೆಬ್ಬಿಸಬೇಡಿ, ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ.

ಮತ್ತೆ, ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಹರವಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಮೊಳೆ ಸುತ್ತ ಕಪ್ಪು, ಒಳಗೆ ಬೂಷ್ಟು

ಕಬ್ಬಿಣದ ಮೊಳೆ, ಬೀಗದ ಸುತ್ತ ನೀಲಿಗಪ್ಪು ಕಲೆ ಇದ್ದರೆ ಅದು ಕೊಳೆತ ಅಲ್ಲ. ಮರದ ಒಗರು ಮತ್ತು ಕಬ್ಬಿಣ ತೇವದಲ್ಲಿ ಸೇರಿ ಆದ ಬಣ್ಣ. ದಬ್ಬಳ ಚುಚ್ಚಿ ನೋಡಿ. ಗಟ್ಟಿ ಇದ್ದರೆ ಹಾಗೇ ಬಿಡಿ. ಮೆತ್ತಗೆ ಒಳಗೆ ಹೋದರೆ ಮಾತ್ರ ಕೊಳೆತಿದೆ. ಆಕ್ಸಾಲಿಕ್ ಆಸಿಡ್ ಹಾಕಿ ಕಲೆ ತೆಗೆಯಬಹುದು, ಆದರೆ ಅದು ವಿಷ, ಸುತ್ತಲಿನ ಬಣ್ಣವನ್ನೂ ತಿಳಿ ಮಾಡುತ್ತದೆ. ಹಿತ್ತಾಳೆ ಪಟ್ಟಿಯ ಸುತ್ತ ಹಸಿರು ಕಂಡರೆ ಅದು ಹುಣಸೆಹಣ್ಣು, ಪೀತಾಂಬರಿ ಉಜ್ಜಿ ತೊಳೆಯದೆ ಬಿಟ್ಟ ಹಳೇ ಉಳಿಕೆ ಇರಬಹುದು. ಒಣ ಬ್ರಷ್ ಸಾಕು.

ಬೂಷ್ಟಿಗೆ ಮಾಸ್ಕ್ ಹಾಕಿಕೊಂಡು ಮನೆ ಹೊರಗೆ ಮೆತ್ತನೆ ಬ್ರಷ್‌ನಿಂದ ತೆಗೆದು, ನೆರಳಲ್ಲಿ ಗಾಳಿಗೆ ಇಡಿ. ಮತ್ತೆ ಬಂದರೆ ತಪ್ಪು ಪೆಟ್ಟಿಗೆಯದಲ್ಲ, ಜಾಗದ್ದು. ಹೊರಗೋಡೆಗೆ ಒತ್ತಿ ಇಟ್ಟಿದ್ದೀರಾ ನೋಡಿ, ಒಂದು ಗೇಣು ಮುಂದೆ ಎಳೆಯಿರಿ. ಹಿಂದೆ ಊರಲ್ಲಿ ಒಲೆಯ ಬಿಸಿ, ಹೊಗೆ ಮನೆ ತುಂಬ ಆಡುತ್ತಿತ್ತು, ಪೆಟ್ಟಿಗೆ ಒಣಗಿರುತ್ತಿತ್ತು. ಗ್ಯಾಸ್ ಬಂದ ಮೇಲೆ ಬೂಷ್ಟು ಜಾಸ್ತಿ ಅನ್ನುವ ಹಳಬರ ಮಾತು ಸುಳ್ಳಲ್ಲ. ನುಸಿಗುಳಿಗೆ ಹಾಕಿ ವಾಸನೆ ಮುಚ್ಚುವುದು ಬೇಡ. ಕೆಲವು ಎಳೆ ಮಕ್ಕಳಿಗೆ ಅದರಿಂದ ರಕ್ತದ ಕೆಂಪು ಕಣಗಳೇ ಒಡೆಯುವ ಅಪಾಯ ಇದೆ, ಅದೂ ಕೂಸಿನ ಬಟ್ಟೆ ಇಡುವ ಪೆಟ್ಟಿಗೆಯಾದರೆ ಕೇಳಲೇಬೇಡಿ.

ಅಲುಗಾಡುತ್ತದೆ

ಒಂದು ಮೂಲೆ ಹಿಡಿದು ಅಲುಗಾಡಿಸಿ, ಇನ್ನೊಬ್ಬರು ಟಾರ್ಚು ಹಿಡಿದು ಯಾವ ಕೂಡು ಬಾಯಿ ಬಿಡುತ್ತದೆ ನೋಡಲಿ. ಹಳೇ ಕೆಲಸದಲ್ಲಿ ಹಲ್ಲಿಗೆ ಹಲ್ಲು ಕೂಡಿಸಿ ಮರದ ಮೊಳೆ ಹೊಡೆದಿರುತ್ತಾರೆ. ಮೊಳೆ ಕುಗ್ಗಿದ್ದರೆ ಹೊಸ ಮರದ ಮೊಳೆ ಹೊಡೆದರೆ ಸರಿಹೋಗುತ್ತದೆ. ಕಬ್ಬಿಣದ ಎಲ್ ಪಟ್ಟಿ ಹಾಕಿ ಸ್ಕ್ರೂ ಬಿಗಿಯಬೇಡಿ, ಮೇಲೆ ಹೇಳಿದ ಜಗ್ಗಾಟ ಮತ್ತೆ ಶುರುವಾಗುತ್ತದೆ. ಹಳೇ ಅಂಟು ಗಾಜಿನಂತೆ ಒಣಗಿ ಉದುರುತ್ತಿದ್ದರೆ ಪೂರ್ತಿ ಕೆರೆದೇ ಹೊಸದನ್ನು ಹಚ್ಚಬೇಕು. ಫೆವಿಕಾಲ್ ಥರದ ಬಿಳಿ ಅಂಟು ಹಳೇ ಅಂಟಿನ ಮೇಲೆ ಹಿಡಿಯುವುದಿಲ್ಲ. ಸಾಗುವಾನಿಯಲ್ಲಿ ಎಣ್ಣೆಯಂಶ ಜಾಸ್ತಿ, ಅಂಟು ಹಚ್ಚುವ ಮುಂಚೆ ಅಸಿಟೋನ್‌ನಿಂದ ಒರೆಸಿ.

ಟೀಪಾಯಿ, ಬೆಂಚು ಮಾಡಿದ ಮೇಲೆ ಬರುವ ಹೊಸ ದೋಷಗಳು

ಪೆಟ್ಟಿಗೆಯನ್ನು ಕತ್ತರಿಸದೆ, ತೂತು ಕೊರೆಯದೆ ಏನಾಗಬಹುದೋ ಅಷ್ಟೇ ಮಾಡಿ. ಮುಚ್ಚಳದ ಮೇಲೆ ಗಾಜು ಇಟ್ಟರೆ ಟೀಪಾಯಿ. ಆದರೆ ಗಾಜನ್ನು ಮರಕ್ಕೆ ನೇರ ಒತ್ತಿ ಇಡಬೇಡಿ, ಕೆಳಗೆ ತೇವ ಸಿಕ್ಕಿಕೊಂಡು ಪಾಲಿಶ್ ಬೆಳ್ಳಗಾಗುತ್ತದೆ. ಮೂಲೆಗಳಲ್ಲಿ ಸಣ್ಣ ರಬ್ಬರ್ ಬಿಲ್ಲೆ ಇಡಿ. ದಿನಾ ನೆಲ ಒರೆಸುವ ಮನೆಯಲ್ಲಿ ಪೆಟ್ಟಿಗೆಯ ತಳ ನೆಲಕ್ಕೆ ತಾಗಿದರೆ ಒಂದೆರಡು ವರ್ಷದಲ್ಲಿ ಕೆಳಅಂಚು ಕಪ್ಪಾಗಿ ಉಬ್ಬುತ್ತದೆ. ಅದನ್ನು ಗೆದ್ದಲು ಅಂತ ತಪ್ಪು ತಿಳಿಯುವವರು ಬಹಳ. ಒಂದಿಂಚು ಎತ್ತರದ ಬಿಡಿ ಕಾಲುಗಳ ಮೇಲೆ ಕೂರಿಸಿದರೆ ಆಯಿತು. ಬೆಂಚು ಮಾಡುವುದಾದರೆ ಮುಚ್ಚಳದ ಮಧ್ಯೆ ಕೂತು ಕೀಲಿನ ಹತ್ತಿರ ಕಿರ್ ಅನ್ನುತ್ತದಾ ಕೇಳಿ. ಅಂದರೆ ಭಾರ ಕೀಲಿಗೆ ಬೀಳುತ್ತಿದೆ, ಒಳಗೆ ಮುಚ್ಚಳಕ್ಕೆ ಆಧಾರವಾಗಿ ಒಂದು ಅಡ್ಡಮರ ಬೇಕು.

ಮಕ್ಕಳ ಆಟದ ಸಾಮಾನಿಗೆ ಇಡುವುದಾದರೆ ಬೀಗ, ಚಿಲಕ ಮೊದಲು ಬಿಚ್ಚಿಡಿ. ಹಳೇ ಬೀಗ ಕೆಲವು ಮುಚ್ಚಿದ ತಕ್ಷಣ ತಾನೇ ಕೂರುತ್ತವೆ. ಕಣ್ಣಾಮುಚ್ಚಾಲೆ ಆಡುವ ಮಗು ಒಳಗೆ ಕೂತರೆ ಗಾಳಿಗೂ ದಾರಿ ಇರುವುದಿಲ್ಲ. ಮುಚ್ಚಳ ದಪ್ಪನೆ ಬೀಳದ ಹಾಗೆ ಹಿಡಿಯುವ ಆಸರೆ ಹಾಕಿಸಿ. ಮೇಲಿನ ಅಂಚಿನಲ್ಲಿ ಸಣ್ಣ ರಬ್ಬರ್ ಗುಬ್ಬಿ ಅಂಟಿಸಿದರೆ ಬೆರಳಿಗೂ ಜಾಗ, ಗಾಳಿಗೂ ಜಾಗ.

ವಿದೇಶದಲ್ಲಿರುವವರು ಹಡಗಿನಲ್ಲಿ ತರಿಸಿಕೊಳ್ಳುವ ಯೋಚನೆ ಮಾಡಿದರೆ ಮೊದಲು ವಯಸ್ಸು ಲೆಕ್ಕ ಹಾಕಿ. 1972ರ ಪ್ರಾಚೀನ ವಸ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ ಕುಶಲ ಕೆಲಸದ ವಸ್ತುವನ್ನು ಖಾಸಗಿಯಾಗಿ ದೇಶದಿಂದ ಹೊರಗೆ ಕಳಿಸುವಂತಿಲ್ಲ. ಬೀಟೆಯದಾದರೆ ಇನ್ನೊಂದು ತೊಡಕು, ಆ ಜಾತಿಯ ಮರವೆಲ್ಲ 2017ರಿಂದ ಅಂತರರಾಷ್ಟ್ರೀಯ ನಿಯಂತ್ರಣದ ಪಟ್ಟಿಯಲ್ಲಿದೆ.

ಆಚಾರಿಯನ್ನು ಕರೆಸಬೇಕಾದ್ದು ಮೂರು ಹೊತ್ತಿಗೆ: ದಬ್ಬಳ ಅರ್ಧ ಇಂಚಿಗಿಂತ ಆಳ ಇಳಿದರೆ, ಕೂಡು ಪೂರ್ತಿ ಬಿಟ್ಟುಕೊಂಡಿದ್ದರೆ, ಮುಚ್ಚಳ ಸೊಟ್ಟಗಾಗಿದ್ದರೆ. ಕರೆಸಿದಾಗ ನಿಮ್ಮ ಸೀಸದಕಡ್ಡಿ ಗುರುತು, ತಾರೀಕು ಎಲ್ಲ ತೋರಿಸಿ. ಮೆಶಿನ್ನಿನಲ್ಲಿ ಉಜ್ಜುವುದಿಲ್ಲ, ಅರಗಿನ ಪಾಲಿಶ್ ಇದ್ದ ಕಡೆ ಪಿಯು ಹೊಡೆಯುವುದಿಲ್ಲ ಅಂತ ಕೆಲಸಕ್ಕೆ ಮುಂಚೆಯೇ ಮಾತಾಡಿಕೊಳ್ಳಿ. ಬಿಚ್ಚಿದ ಹಳೇ ಮೊಳೆ, ಕೀಲು, ಬೀಗ ಒಂದು ಚೀಲಕ್ಕೆ ಹಾಕಿ ಪೆಟ್ಟಿಗೆಯೊಳಗೇ ಇಡಲು ಹೇಳಿ, ಇಲ್ಲದಿದ್ದರೆ ಅವು ಸಂಜೆಗೆ ಗುಜರಿ ಸೇರಿರುತ್ತವೆ.